ಚಾದರದ ಇನ್ನೊಂದು ತುದಿ

“ಛೀ! ಇದೇನ್ರೀ ಇವಳ ಕೈ? ಸುಲಿದ ಹಲ್ಲಿ ಇದ್ದ ಹಾಗಿದೆ! ಈ ಕೈ ಮುಟ್ಟಿದ ಚಾದರದ ಮೇಲೆ ರೋಗಿಗಳನ್ನ ಮಲಗಿಸ್ತೀರಾ? ಇರೋ ರೋಗ ಸಾಲ್ದು, ಇದೂ ಹತ್ಲಿ ಅಂತಲಾ?”

ವೀಕ್ಷಕರು ಹೀಗೆ ಕೇಳಿದ್ದು ಆ ಕೈಯವಳಾದ ಗಿಣಿಯನ್ನಲ್ಲ. ಗಿಣಿಯ ತಲೆಯ ಮೇಲಿಂದ ಮ್ಯಾನೇಜರನ್ನು. ದೊಡ್ಡವರು ನಮ್ಮ ಬಗ್ಗೆ ಮಾತಾಡುವುದೇ ಹಾಗೆ, ನಮ್ಮೆದುರಿಗೇ, ನಮ್ಮನ್ನು ಬಿಟ್ಟು.

ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡು ನಮ್ಮದು. ಹೊರಗಿನ ಸಂಸ್ಥೆಯೊಂದು ಆಸ್ಪತ್ರೆಗೆ ಶುಚಿತ್ವದ ಪ್ರಶಸ್ತಿ ಕೊಡುವುದರಲ್ಲಿತ್ತು. ಕಣ್ಣಾರೆ ನೋಡಿ ಸಹಿ ಹಾಕಲು ಈ ವೀಕ್ಷಕರು ಬಂದಿದ್ದರು, ಬೆನ್ನಿಗೊಬ್ಬ ಫೋಟೋದವನು. ಅವರ ಮರ್ಯಾದೆಗೆಂದು ಮ್ಯಾನೇಜರ್ ಬೆಳಿಗ್ಗೆಯೇ ಬೀರುವಿನಿಂದ ರಬ್ಬರ್ ಗ್ಲೌಸು ತೆಗೆದು ಹಂಚಿದ್ದ, ಮದುವೆಗೆ ಎರವಲು ಕೊಡುವ ಒಡವೆಯ ಹಾಗೆ. ಸಂಜೆ ವಾಪಸ್ಸು. ಎಲ್ಲವೂ ಗಂಡಸರ ಅಳತೆಯವು. ಅವನ್ನು ಹಾಕಿಕೊಂಡು ಚಾದರದ ಅಂಚು ಹಿಡಿಯುವುದೆಂದರೆ ಕಂಬಳಿ ಹೊದ್ದು ಸೂಜಿಗೆ ದಾರ ಪೋಣಿಸಿದ ಹಾಗೆ. ಗಿಣಿ ಅಭ್ಯಾಸಬಲದಿಂದ ಗ್ಲೌಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿ, ಬರಿಗೈಯಲ್ಲಿ ಮಡಚುತ್ತ ನಿಂತಳು. ಸಿಕ್ಕಿಬಿದ್ದಳು.

“ಅಂಟುರೋಗ ಅಲ್ಲ ಸಾರ್. ಹುಟ್ಟಿನಿಂದ್ಲೇ ಹಾಗೆ,” ಎಂದ ಮ್ಯಾನೇಜರ್, ಗಿಣಿಯ ಹೆರಿಗೆ ಮಾಡಿಸಿದವನು ತಾನೇ ಎಂಬಂತೆ.

“ನೀರಲ್ಲಿ ಏನಾದ್ರೂ ಹಾಕ್ತೀರಾ?”

“ಬರೀ ಸೋಪು ಸಾರ್. ಎಳೆ ಮಗೂಗೆ ಸ್ನಾನ ಮಾಡಿಸ್ಬಹುದು.”

“ಮತ್ತೆ ಈ ಘಾಟು?”

“ಸ್ವಚ್ಛತೆಯ ವಾಸನೆ ಸಾರ್.”

ವೀಕ್ಷಕರು ಕರ್ಚೀಪಿನೊಳಗಿಂದಲೇ ತೀರ್ಪು ಕೊಟ್ಟರು. “ಇವಳಿದ್ರೆ ನಾನು ಸಹಿ ಹಾಕಲ್ಲ.”

“ನಾಳೆಯಿಂದ ಇರಲ್ಲ ಬಿಡಿ ಸಾರ್.”

ಅಷ್ಟೇ. ನೊಣ ಹೊಡೆಯಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಬೆಳಗಿನಿಂದ ಬೈಗಿನವರೆಗೆ ವಟಗುಟ್ಟುತ್ತಾಳೆಂದೇ ಅವಳಿಗೆ ಗಿಣಿ ಎಂದು ಹೆಸರು. ಆ ಗಿಣಿ ತುಟಿ ಬಿಚ್ಚದೆ ತನ್ನ ಕೈಗಳನ್ನೇ ನೋಡುತ್ತಿದ್ದಳು. ಮನೆಯಲ್ಲಿ ಮಲಗಿದಲ್ಲೇ ಇರುವ ಗಂಡ, ಓದುವ ಮಗಳು. ಆ ಕೈ ನಿಂತರೆ ಆ ಬಾಯಿಗಳೂ ನಿಲ್ಲುತ್ತವೆ.

ನಾವೆಲ್ಲ ದೊಡ್ಡಕ್ಕನ ಮುಖ ನೋಡಿದೆವು. ನಮ್ಮ ಪರವಾಗಿ ಮಾತಾಡಲೆಂದು ನಾವೇ ಆರಿಸಿಕೊಂಡ ಮುಂದಾಳು ಅವಳು.

ದೊಡ್ಡಕ್ಕ ನಕ್ಕಳು.

“ಹೌದು ಸ್ವಾಮಿ, ನೋಡೋಕೇ ಅಸಹ್ಯ. ಏಯ್ ಗಿಣಿ, ಸಾಹೇಬ್ರ ಕಣ್ಣೆದ್ರು ಯಾಕೆ ಸಾಯ್ತೀಯೆ? ಹೋಗಿ ಒಳ್ಳೆ ನೀರಿನ ತೊಟ್ಟಿ ಹತ್ರ ನಿಂತ್ಕೋ.”

ಗಿಣಿ ಹೋದಳು. ನಡೆದದ್ದು ಕಾಲಷ್ಟೇ.

“ಇವಳ ಬಾಯಿಗೆ ಮಣ್ಣು ಹಾಕ! ಮ್ಯಾನೇಜರ್ ಎಂಜಲಿಗೆ ಬಾಯಿ ಬಿಟ್ಲಲ್ಲೇ ಬೋಸುಡಿ,” ಎಂದು ಪಕ್ಕದಲ್ಲಿ ಮಡಚುತ್ತಿದ್ದ ಮುದುಕಿ ನನ್ನ ಕಿವಿಯಲ್ಲಿ ಹಲ್ಲು ಕಡಿದಳು. ಮುಂದಾಳುಗಳು ಒಂದಲ್ಲ ಒಂದು ದಿನ ಮಾರಾಟವಾಗುತ್ತಾರೆ, ಅದೇನೂ ನಮಗೆ ಹೊಸದಲ್ಲ. ಇಷ್ಟು ಅಗ್ಗಕ್ಕೆ ಹೋದಳಲ್ಲ ಎಂಬುದಷ್ಟೇ ಸಂಕಟ.

“ಸ್ವಾಮಿ, ಇಷ್ಟು ದೂರ ಬಂದಿದ್ದೀರಿ,” ದೊಡ್ಡಕ್ಕನ ದನಿಯಲ್ಲಿ ಬೆಣ್ಣೆ. “ನಮ್ ಜೊತೆ ಒಂದು ಚಾದರ ಹಿಂಡಿ. ಫೋಟೋ ಬರ್ಲಿ. ನಮ್ಗೂ ಹೆಮ್ಮೆ.”

ಫೋಟೋದವನ ಮುಖ ಅರಳಿತು. ವೀಕ್ಷಕರು ಕರ್ಚೀಪು ಜೇಬಿಗಿಟ್ಟು ಅಂಗಿಯ ತೋಳು ಮಡಚಿದರು. “ಗ್ಲೌಸು?”

“ಎಳೆ ಮಗೂಗೆ ಸ್ನಾನ ಮಾಡಿಸೋ ನೀರಿಗೆ ಗ್ಲೌಸ್ ಯಾಕೆ ಸ್ವಾಮಿ?” ಎನ್ನುತ್ತ ದೊಡ್ಡಕ್ಕ ತನ್ನದನ್ನೂ ಕಿತ್ತೆಸೆದಳು.

ನಮ್ಮಲ್ಲಿ ಎರಡು ತೊಟ್ಟಿ. ಒಂದು ಒಳ್ಳೆ ನೀರಿನದು. ಇನ್ನೊಂದರಲ್ಲಿ ಬ್ಲೀಚಿಂಗ್ ಪುಡಿ, ಕಾಸ್ಟಿಕ್ ಸೋಡ. ನಾವು ಅದನ್ನು ಉರಿನೀರು ಅನ್ನುತ್ತೇವೆ. ಚಾದರದ ರಕ್ತ ಬಿಡಿಸುವುದು ಅದು. ಗಿಣಿಯ ಚರ್ಮ ಬಿಡಿಸಿದ್ದೂ ಅದೇ. ಅದರಿಂದ ತೆಗೆದದ್ದನ್ನು ಒಳ್ಳೆ ನೀರಿನಲ್ಲಿ ಜಾಲಿಸದೆ ನಾವು ಯಾರೂ ಹಿಂಡುವುದಿಲ್ಲ.

ದೊಡ್ಡಕ್ಕ ಉರಿನೀರಿನ ತೊಟ್ಟಿಗೆ ಕೈಹಾಕಿ ಚಾದರ ಎಳೆದಳು.

ಮುದುಕಿ ಬೈಗುಳ ನುಂಗಿಕೊಂಡಳು. ಮ್ಯಾನೇಜರ್ ಎರಡು ಹೆಜ್ಜೆ ಮುಂದೆ ಬಂದ. “ಏ... ಅದಲ್ಲ ಕಣೇ, ಅದು...”

“ಯಾಕೆ ಸಾರ್? ಇದ್ರಲ್ಲಿ ಏನಿದೆ?”

ಬರೀ ಸೋಪು ಅಂದವನು ಬಂದ ಎರಡು ಹೆಜ್ಜೆಯನ್ನೂ ಹಿಂದಕ್ಕಿಟ್ಟ.

ಚಾದರ ಹಿಂಡಲು ಇಬ್ಬರು ಬೇಕು. ಇವರು ಬಲಕ್ಕೆ ತಿರುವಿದರೆ ಅವರು ಎಡಕ್ಕೆ. ಚಾದರ ಹಗ್ಗವಾಗುತ್ತದೆ, ನೀರು ಎರಡೂ ಕಡೆಯವರ ಮುಂಗೈ ದಾಟಿ ಮೊಣಕೈಗೆ ಇಳಿಯುತ್ತದೆ. ಯಾವ ತುದಿ ದೊಡ್ಡವರದು ಎಂದು ಅದು ಕೇಳುವುದಿಲ್ಲ.

“ತಿರುವಿ ಸ್ವಾಮಿ. ಜೋರಾಗಿ. ಇನ್ನೊಂದು ಸುತ್ತು. ಸ್ವಲ್ಪ ನಗಿ, ಫೋಟೋ!”

ವೀಕ್ಷಕರು ನಕ್ಕರು. ಆಮೇಲೆ ನಗು ಒಂದು ಕಡೆಯಿಂದ ಕಳಚತೊಡಗಿತು.

“ಇದು... ಉರೀತಿದೆ!”

“ಮೊದಲ್ನೇ ಸಲ ಹಾಗೇ ಸ್ವಾಮಿ. ಬರ್ತಾ ಬರ್ತಾ ಹುಟ್ಟಿನಿಂದ್ಲೇ ಹಾಗೆ ಅನ್ಸುತ್ತೆ.”

ಅವರು ಚಾದರ ಬಿಸಾಕಿ ಕೈ ಕೊಡವಿದರು. “ಏನ್ರೀ ಹಾಕಿದ್ದೀರಿ ಇದಕ್ಕೆ?” ಮ್ಯಾನೇಜರ್ ಶೆಡ್ಡಿನ ತಗಡು ಎಣಿಸುತ್ತಿದ್ದ. “ನೀರು! ಯಾರಾದ್ರೂ ನೀರು ಕೊಡ್ರೋ!”

ಶೆಡ್ಡಿನಲ್ಲಿ ನಲ್ಲಿಯಿಲ್ಲ. ಒಳ್ಳೆ ನೀರಿನ ತೊಟ್ಟಿಗೆ ಅಡ್ಡವಾಗಿ ಗಿಣಿ ನಿಂತಿದ್ದಳು. ಮಗ್ಗು ಆಗಲೇ ತುಂಬಿತ್ತು. ಸುಲಿದ, ಬೆಳ್ಳನೆಯ ಕೈಯಲ್ಲಿ ಅದನ್ನು ಎತ್ತಿ ಹಿಡಿದಳು.

ಕೈ ಮುಂದೆ ಚಾಚಿ ಬಂದ ವೀಕ್ಷಕರು, ಆ ಕೈ ಕಂಡು, ಒಂದು ಗೇಣು ದೂರದಲ್ಲಿ ನಿಂತುಬಿಟ್ಟರು.

“ನಾಳೆ ಇವಳು ಇರಲ್ಲ ಸ್ವಾಮಿ,” ಹಿಂದಿನಿಂದ ದೊಡ್ಡಕ್ಕ ಹೇಳಿದಳು. “ಇವತ್ತು ಇದ್ದಾಳೆ. ಒಡ್ಡಿ ಕೈನ.”

“ಅಕ್ಕಾ, ನೀನು ಬಾರೇ. ನಿನ್ನ ಕೈ...” ಗಿಣಿಯ ದನಿ ಆಗ ಹೊರಬಿತ್ತು.

“ನಂದು ತಡ್ಕೊಳುತ್ತೆ. ಮೊದ್ಲು ಸಾಹೇಬ್ರನ್ನ ಕೇಳು.”

ಗಿಣಿ ಅವರತ್ತ ತಿರುಗಿದಳು. “ನಾಳೆ ನಾನು ಬರ್ಲಾ, ಬೇಡ್ವಾ?”

ಫೋಟೋದವನು ಕ್ಯಾಮೆರಾ ಇಳಿಸಿರಲಿಲ್ಲ. ವೀಕ್ಷಕರು ಮ್ಯಾನೇಜರನ್ನು ನೋಡಿದರು, ಮಗ್ಗನ್ನು ನೋಡಿದರು. ಇಬ್ಬರ ಮೊಣಕೈಯಿಂದಲೂ ಉರಿನೀರು ತೊಟ್ಟಿಕ್ಕುತ್ತಿತ್ತು, ಅವರದು, ದೊಡ್ಡಕ್ಕನದು.

ಗಿಣಿ ಮಗ್ಗು ಬಾಗಿಸಲಿಲ್ಲ.