ನಾಲಿಗೆಯ ಸಾಕ್ಷಿ

ನೀಲಿ ತಟ್ಟೆಯ ಮೇಲೆ ಪ್ಲಾಸ್ಟಿಕ್ ಪಟ್ಟಿಯ ಅಂಚು ಸರ್ರನೆ ಸರಿಯುತ್ತದೆ, ಐದು, ಮತ್ತೆ ಸರ್ರನೆ, ಹತ್ತು, ನರ್ಸಮ್ಮನ ತುಟಿ ಮಾತ್ರ ಅಲುಗುತ್ತಿದೆ, ಸದ್ದಿಲ್ಲ, ಹಸಿರು ತಲೆ ಬಿಳಿ ಮೈ, ಹಸಿರು ತಲೆ ಬಿಳಿ ಮೈ, ಶಾಲೆಯ ಮಕ್ಕಳು ಸಾಲಿಗೆ ನಿಂತ ಹಾಗೆ — ಕಿಟಕಿಯ ಹೊರಗೆ ಯಾರೋ ವ್ಯಾನ್ ಹಿಂದಕ್ಕೆ ತೆಗೆಯುತ್ತಿದ್ದಾರೆ, ಪೀಂ ಪೀಂ ಪೀಂ, ನಿಲ್ಲಿಸಬಾರದೇ, ಎಣಿಕೆ ತಪ್ಪೀತು, ತಪ್ಪಿದರೂ ಒಳ್ಳೆಯದೇ ಏನೋ. ಮೂವತ್ತೆರಡು ಕ್ಯಾಪ್ಸೂಲ್ ಉಳಿದಿದೆ ಕಣಮ್ಮ, ಈ ಎರಡನೇ ಬಾಟಲೀಲಿ ಕೊಟ್ಟಿದ್ದು ನೂರ ಇಪ್ಪತ್ತು, ಹೋಗಿದ್ದು ಎಂಬತ್ತೆಂಟು, ದಿನಕ್ಕೆರಡರ ಹಾಗೆ ನಲವತ್ನಾಲ್ಕು ದಿನ, ಆಸ್ಪತ್ರೆಗೆ ಸೇರೋ ಹಿಂದಿನ ರಾತ್ರೀವರೆಗೂ ಒಂದೂ ತಪ್ಪಿಸಿಲ್ಲ ನೋಡು, ಇಂಥೋರು ನೂರಕ್ಕೊಬ್ರು ಸಿಗ್ತಾರೆ, ನಿಮ್ಮ ಯಜಮಾನ್ರು ನಮ್ಮ ಔಷಧಿ ಟ್ರಯಲ್‌ಗೆ ಚಿನ್ನದಂಥೋರು. ಚಿನ್ನ. ಅವನು ಹೋಗಿ ಏಳು ತಿಂಗಳಾಯಿತು, ಹೊಗಳುವವರು ಮುಗಿಯುವುದೇ ಇಲ್ಲ. ಫಾರ್ಮಿನಲ್ಲಿ ಮೂರು ಮನೆಗಳು, ಪಡೆದದ್ದು, ಸೇವಿಸಿದ್ದು, ಉಳಿದದ್ದು, ನಡುವಿನ ಮನೆಯ ಮೇಲೆ ಪೆನ್ನು ಬಂದು ನಿಂತಿದೆ, ಇನ್ನೇನು ಎಂಬತ್ತೆಂಟು ಬೀಳುತ್ತದೆ, ಬಿದ್ದರೆ ಮುಗಿಯಿತು, ಸಹಿ ಹಾಕಿ ಎದ್ದು ಹೋಗಬಹುದು, ಬಸ್ಸು ಹನ್ನೊಂದೂವರೆಗೆ — ತೊಡೆಯ ಮೇಲಿನ ಚೀಲ ಭಾರವಾಗಿಲ್ಲ, ಕನ್ನಡಕದ ಒಂದು ಡಬ್ಬಿ ಎಷ್ಟು ಭಾರ ಇದ್ದೀತು, ಆದರೂ ಕಾಲು ಮರಗಟ್ಟಿದೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಿದ್ದವನು ಅವನು, ಮನೆ ತುಂಬ ಡಬ್ಬಿಗಳು, ಒಂದರಲ್ಲಿ ಸೂಜಿ ದಾರ, ಒಂದರಲ್ಲಿ ಬೀಗದ ಕೈ, ಹೋದ ವಾರ ಅತ್ತೆ ಸೂಜಿಗೆಂದು ಮೆರೂನ್ ಬಣ್ಣದ್ದನ್ನು ಎತ್ತಿ ಅಲ್ಲಾಡಿಸಿದರು, ಇದೇನೇ ಇದು ಗಲಗಲ ಅನ್ನತ್ತೆ, ಗುಂಡಿನಾ, ಹೌದತ್ತೆ ಗುಂಡಿ, ಅಂದೆ, ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿ ತೆರೆದೆ. ಹಸಿರು ತಲೆಗಳು. ಮುಚ್ಚಿದೆ. ಎಣಿಸಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದೆ, ಎಷ್ಟು ಹೊತ್ತೋ, ಹೊರಗೆ ಅತ್ತೆ ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು, ನನ್ನ ಮಗ ಔಷಧಿ ಒಂದು ಹೊತ್ತೂ ತಪ್ಪಿಸಲಿಲ್ಲಮ್ಮ, ಅವನ ಪಾಲಿಂದು ಅವನು ಮಾಡಿದ, ಅಷ್ಟು ಸಮಾಧಾನ ನಂಗೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಏಳಕ್ಕೆ, ನಮ್ಮಿಬ್ಬರ ಕಣ್ಣೆದುರೇ ಅಂಗೈ ಬಾಯಿಗೆ ಹೋಗುತ್ತಿತ್ತು, ನೀರಿನ ಲೋಟ ಎತ್ತುತ್ತಿತ್ತು, ಗಂಟಲು ಏರಿ ಇಳಿಯುತ್ತಿತ್ತು, ಅಂಗೈ ಮಾತ್ರ ಕಿಸೆಗೆ — ಎಷ್ಟು ಸಲೀಸು, ಚಿಕ್ಕ ಸ್ಕ್ರೂ ಹಿಡಿದು ಪಳಗಿದ ಬೆರಳು.

ಅದಾದ ಎರಡು ದಿನಕ್ಕೆ ಕಾಗದ ಬಂತು, ಅಧ್ಯಯನ ಮುಗಿದಿದೆ, ಯಾರಿಗೆ ಔಷಧಿ, ಯಾರಿಗೆ ಬರೀ ಹಿಟ್ಟಿನ ಕ್ಯಾಪ್ಸೂಲ್ ಎಂಬ ಗುಟ್ಟಿನ ಪಟ್ಟಿ ತೆರೆದಿದ್ದೇವೆ, ನಿಮ್ಮ ಪತಿ ಔಷಧಿ ಪಡೆದ ಗುಂಪಿನಲ್ಲಿದ್ದರು, ಈ ಗುಂಪಿನ ಮೂವರಲ್ಲಿ ಒಬ್ಬರಿಗೆ ಕಾಯಿಲೆಯ ವೇಗ ತಗ್ಗಿದೆ, ಉಳಿದ ಕ್ಯಾಪ್ಸೂಲ್ ದಯವಿಟ್ಟು ಹಿಂದಿರುಗಿಸಿ. ಔಷಧಿ ಪಡೆದ ಗುಂಪು, ಸುಳ್ಳು, ಹಾಗಿರಲಾರದು, ನಾನೇ ರುಚಿ ನೋಡಿದ್ದೇನಲ್ಲ, ನನ್ನ ನಾಲಿಗೆಗೆ ಗೊತ್ತಿಲ್ಲದ್ದೇ, ಸಸ್ಯಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ನಲವತ್ತು ಬಗೆಯ ಬೇರು ತೊಗಟೆಗಳ ಪುಡಿಯನ್ನು ಒಂದೊಂದು ಚಿಟಿಕೆ ಇಡುತ್ತಿದ್ದರು, ಮೂವತ್ತೊಂಬತ್ತು ಹೇಳಿದವಳು ನಾನೊಬ್ಬಳೇ, ಈ ಔಷಧಿ ಮಾಡುವ ಬಳ್ಳಿಯ ಬೇರಂತೂ ಮರೆಯುವುದೇ ಅಲ್ಲ, ಕಡ್ಡಿಯ ತುದಿಯಷ್ಟು ಸಾಕು, ಮರುದಿನದವರೆಗೂ ಬಾಯಿ ಕಹಿ. ಮೊದಲ ಬಾಟಲಿ ಮುಗಿದಾಗ ಅವನು ಎರಡನೇ ಮಹಡಿಗೆ ಒಂದೇ ಕಡೆ ನಿಂತು ಹತ್ತಿಬಂದ, ಮೊದಲು ನಾಲ್ಕು ಕಡೆ ನಿಲ್ಲುತ್ತಿದ್ದವನು, ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತಾ ಹೋಗುವ ಕಾಯಿಲೆಯಲ್ಲಿ ಹೀಗೆ ಹತ್ತುವುದುಂಟೇ, ಬಾಗಿಲಲ್ಲಿ ನಿಂತು ಏದುಸಿರಿನಲ್ಲೇ ನಕ್ಕ, ನನಗೆ ಹೆದರಿಕೆಯಾಯಿತು, ಆಸೆ ಪಡಬೇಕೋ ಬೇಡವೋ ತಿಳಿಯದ ಹೆದರಿಕೆ, ಎರಡನೇ ಬಾಟಲಿ ಶುರುವಾದದ್ದು ಒಂದನೇ ತಾರೀಕು ಬೆಳಿಗ್ಗೆ, ಹನ್ನೆರಡರ ಸಂಜೆ ಅವನ ಕೈಗೆ ಕೊಡಬೇಕಾದ ಕ್ಯಾಪ್ಸೂಲನ್ನು ತಟ್ಟೆಯ ಮೇಲೆ ಬಿಚ್ಚಿದೆ. ಹೆಬ್ಬೆರಳ ಉಗುರು ಹಾಕಿ ತಿರುಗಿಸುವಾಗ ಒತ್ತಿ ಹಸಿರು ತಲೆ ತಗ್ಗುಬಿತ್ತು. ಬೆರಳ ತುದಿಯಲ್ಲಿ ಒಂದಿಷ್ಟು, ನಾಲಿಗೆಗೆ. ಏನಂತಾರೆ ನಾಲಿಗೆ ಪಂಡಿತರು, ಅಂದ. ಸಪ್ಪೆ ಕಣೋ, ಬರೀ ಹಿಟ್ಟು. ಎಷ್ಟು ಸಲೀಸಾಗಿ ಅಂದೆ, ಸಾರಿಗೆ ಉಪ್ಪು ಸಾಲದು ಅನ್ನುವ ಹಾಗೆ. ಹಾಗಾದ್ರೆ ಮೆಟ್ಟಿಲು ಹತ್ತಿದ್ದು ನಾನೇ ಅನ್ನು, ಅಂದ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅಂತಾರೆ, ನಮ್ಮನೇಲಿ ಸಪ್ಪೆಗೆ ಪಂಡಿತೆ ಸಾಕ್ಷಿ, ಅಂದ. ನಕ್ಕೆವು. ಇಬ್ಬರೂ ನಕ್ಕೆವು. ತಗ್ಗಿದ ತಲೆಯನ್ನು ಹೇಗೋ ಮೈಗೆ ಕೂರಿಸಿ ಅವನ ಅಂಗೈಯಲ್ಲಿಟ್ಟೆ, ತಿನ್ನು, ನಿಯಮ ನಿಯಮವೇ, ಅಂದೆ, ತಿರುಗಿ ಒಲೆಯ ಕಡೆ ಹೋದೆ — ತಿರುಗಬಾರದಿತ್ತು.

ಪೆನ್ನು ಕಾಗದಕ್ಕೆ ತಾಗಿತು. ಬರೆಯಲಿ ಬಿಡು, ಅತ್ತೆಯ ಸಮಾಧಾನ ಉಳಿಯುತ್ತದೆ, ಚಿನ್ನದಂಥವನು ಚಿನ್ನವಾಗೇ ಇರುತ್ತಾನೆ — ಆದರೆ ಅವರ ಪಟ್ಟಿಯಲ್ಲಿ ಅವನು ಔಷಧಿ ತಿಂದೂ ಸತ್ತವನು, ತಿಂದರೂ ಪ್ರಯೋಜನವಿಲ್ಲ ಎನ್ನುವುದಕ್ಕೆ ಲೆಕ್ಕ, ಮುಂದೆ ಯಾರೋ ಒಬ್ಬ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುವವನಿಗೆ ಈ ಲೆಕ್ಕ ಅಡ್ಡ ಬರುತ್ತದೆ, ಇಷ್ಟಾದರೂ ಓದಿದ್ದೇನೆ. ಸಿಸ್ಟರ್, ಇನ್ನೂ ಇದೆ, ಅಂದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಎಂಬತ್ತೆಂಟರ ಮೊದಲ ಅಂಕಿಯ ಮೇಲೆ ಅಡ್ಡಗೆರೆ ಎಳೆದರು. ಬೈಯಲಿಲ್ಲ. ಇರ್ಲಿ ಬಿಡಮ್ಮ, ಜನ ಏನೇನೋ ಮಾಡ್ತಾರೆ, ಒಬ್ರು ಹೂವಿನ ಕುಂಡಕ್ಕೆ ಹಾಕಿದ್ರು, ಗಿಡ ಚೆನ್ನಾಗಿ ಬಂತು ಅಂತ ಫೋಟೋ ಬೇರೆ ತೋರಿಸಿದ್ರು. ಡಬ್ಬಿಯಿಂದ ತಟ್ಟೆಗೆ ಸುರಿದರು. ಸರ್ರ್, ಐದು. ಕೇಳುತ್ತೇನೆ, ಕೇಳಬಾರದು, ಕೇಳಿದೆ. ಸಿಸ್ಟರ್, ಆ ಬೇರು ತುಂಬಾ ಕಹಿ ಅಲ್ವಾ. ಹತ್ತು. ಕಹಿನಾ, ಅದನ್ನೆಲ್ಲ ಸೋಸಿ ತೆಗೆದುಬಿಟ್ಟಿದ್ದಾರಮ್ಮ ಲ್ಯಾಬ್‌ನಲ್ಲಿ, ಹದಿನೈದು, ಇಲ್ದಿದ್ರೆ ಡಮ್ಮಿ ಯಾವ್ದು ಅಸಲಿ ಯಾವ್ದು ಅಂತ ತಿಂದೋರಿಗೆ ಗೊತ್ತಾಗಿಬಿಡಲ್ವಾ, ಇಪ್ಪತ್ತು, ಎರಡೂ ಸಪ್ಪೆನೇ, ಆದ್ರೂ ಬಿಚ್ಚಿ ನೆಕ್ಕಿ ನೋಡೋರು ಇದ್ದಾರೆ, ಓದಿದೋರೇ ಜಾಸ್ತಿ.

ಎರಡೂ ಸಪ್ಪೆ. ಇಪ್ಪತ್ತೈದು. ಬಸ್ಸಿನಲ್ಲಿ ಬರುವಾಗಲೇ ಲೆಕ್ಕ ಹಾಕಿದ್ದೆ, ಟಿಕೆಟ್ಟಿನ ಹಿಂದೆ, ಹನ್ನೆರಡರ ಬೆಳಿಗ್ಗೆಯವರೆಗೆ ತಿಂದಿದ್ದರೆ ಇಪ್ಪತ್ತಮೂರು, ಬಾಟಲಿಯಿಂದ ಹೋದದ್ದು ಎಂಬತ್ತೆಂಟು, ಡಬ್ಬಿಯಲ್ಲಿ ಅರವತ್ತೈದಿದ್ದರೆ ಅವನು ನಿಲ್ಲಿಸಿದ್ದು ನನ್ನ ಮಾತಿಗೆ, ಅದೇ ಸಂಜೆ, ಹೆಚ್ಚಿದ್ದರೆ ಮೊದಲೇ ತಾನಾಗಿ ನಿಲ್ಲಿಸಿದ್ದ, ವಾಕರಿಕೆ ಅನ್ನುತ್ತಿದ್ದನಲ್ಲ, ಕಡಿಮೆಯಿದ್ದರೆ ಆಮೇಲೆ ಬೇಸರವಾಗಿ ಬಿಟ್ಟ, ಎಪ್ಪತ್ತಿರಲಿ, ಐವತ್ತಿರಲಿ, ಮೂವತ್ತೈದು, ಅರವತ್ತೈದು ಆಗದಿದ್ದರೆ ಸಾಕು, ನಲವತ್ತು, ಎಲ್ಲ ತಲೆಗಳೂ ನುಣುಪು, ದುಂಡಗೆ, ಐವತ್ತು, ನಿಲ್ಲಬಾರದೇ ಇಲ್ಲಿ, ಐವತ್ತೈದು, ವ್ಯಾನ್ ಹೊರಟುಹೋಗಿದೆ, ಅರವತ್ತು, ಕೊನೆಯ ಸಾಲು, ಒಂದು ಎರಡು ಮೂರು ನಾಲ್ಕು. ಅರವತ್ನಾಲ್ಕು ಕಣಮ್ಮ. ನಾನು ಬಿಚ್ಚಿದ್ದು, ತಲೆ ತಗ್ಗಿದ್ದು, ಇಲ್ಲ. ಅದೊಂದು ಇಲ್ಲ. ಹಾಗಾದರೆ ಅದನ್ನು ನುಂಗಿದ, ನಾನು ತಿರುಗಿದಾಗ ನುಂಗಿದ, ನನ್ನ ಮಾತು ಕೇಳಿಯೂ ನುಂಗಿದ, ಆಮೇಲೆ ಬಿಟ್ಟದ್ದು ಯಾತಕ್ಕೋ, ಬೇರೆ ಯಾತಕ್ಕೋ ಇರಬಹುದು, ಮನುಷ್ಯನಿಗೆ ನೂರೆಂಟು ಕಾರಣ, ಉಸಿರು ಒಳಗೆ ಹೋಗುತ್ತದೆ, ಏಳು ತಿಂಗಳಲ್ಲಿ ಮೊದಲ ಸಲ ಹೊಟ್ಟೆಯವರೆಗೆ ಹೋಗುತ್ತದೆ, ಅತ್ತೆಗೆ ಒಂದಾದರೂ — ನರ್ಸಮ್ಮ ಡಬ್ಬಿಯನ್ನು ಬೋರಲು ಹಿಡಿದು ಮೇಜಿಗೆ ಒಮ್ಮೆ ಕುಟ್ಟುತ್ತಾರೆ, ಅಭ್ಯಾಸ, ಒಳಗಿನ ಬಟ್ಟೆಯ ಸಂದಿಯಿಂದ, ಎಲ್ಲಕ್ಕೂ ಅಡಿಯಿಂದ, ಎಲ್ಲಕ್ಕಿಂತ ಮೊದಲು ಹಾಕಿದ್ದು ತಟ್ಟೆಗೆ ಬೀಳುತ್ತದೆ, ಬೇರೆಯವು ಉರುಳಿದ ಹಾಗೆ ಉರುಳದೆ ಅರ್ಧ ಸುತ್ತಿ ನಿಲ್ಲುತ್ತದೆ, ಬಿಳಿ ಮೈ, ಹಸಿರು ತಲೆ, ತಲೆಯಲ್ಲಿ ಉಗುರಿನ ಗುರುತು, ತಗ್ಗು, ನನ್ನ ಹೆಬ್ಬೆರಳ ಉಗುರಿನದೇ ಬಾಗು, ತಗ್ಗು.