ಬಲಗಡೆಯ ಮೂಲೆ

ಅಂಗೈಗೆ ಸೋಪು ತಿಕ್ಕಿಕೊಂಡು ಅದರ ಮೇಲೆ ಕುಂಚವನ್ನು ಸುತ್ತುಸುತ್ತಾಗಿ ಆಡಿಸುತ್ತಿದ್ದಳು. ನೊರೆ ಮೊದಲು ನೀಲಿಯಾಗಿ ಇಳಿಯಿತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಅದು ಬೆಳ್ಳಗಾಗುವ ತನಕ ಬಿಡುವಂತಿಲ್ಲ. ಬಿಟ್ಟರೆ ಬುಡದಲ್ಲಿ ಬಣ್ಣ ಕೂತು ಕುಂಚ ಪೊರಕೆಯಾಗುತ್ತದೆ. ಇನ್ನೂ ಮೂರು ಬಾಕಿ ಇರುವಾಗ ಬಾಗಿಲ ಗಂಟೆಯ ಸದ್ದಾಯಿತು.

"ನಿನ್ನ ಕೊಳವೆ ಬಂತು ನೋಡು," ಎಂದರು ಅತ್ತೆ, ಮೇಜಿನ ಮುಂದೆ ಬೆಳ್ಳುಳ್ಳಿ ಸುಲಿಯುತ್ತ. ಅವರ ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಪಹರೆ ಕಾಯುತ್ತಿತ್ತು. ಮಗನದು ಕನ್ನಡಕದ ಅಂಗಡಿ. ಆದರೂ ತಾಯಿಯ ಮೂಗಿನ ಮೇಲೆ ಕನ್ನಡಕ ಕೂರಿಸುವುದು ಅವನಿಂದ ಆಗಿರಲಿಲ್ಲ. "ನೋಡಬೇಕಾದ್ದೆಲ್ಲ ನೋಡಿ ಆಯ್ತು. ಮಿಕ್ಕಿದ್ದು ಮುಟ್ಟಿದ್ರೆ ಗೊತ್ತಾಗುತ್ತೆ," ಅನ್ನುತ್ತಿದ್ದರು.

ಮಧ್ಯಾಹ್ನದ ಊಟಕ್ಕೆ ಬಂದಿದ್ದ ಗಂಡ ಎಂಜಲು ಕೈಯಲ್ಲೇ ಬಾಗಿಲಿಗೆ ಓಡಿದ.

ಉದ್ದನೆಯ ರಟ್ಟಿನ ಕೊಳವೆಯಲ್ಲಿದ್ದದ್ದು ಅವಳ ಚಿತ್ರದ ಮಾದರಿ ಪ್ರತಿ. ಚಿತ್ರಗಳ ಪ್ರತಿ ಮಾಡಿ ಮಾರುವ ಕಂಪನಿಯೊಂದು ಅವಳದನ್ನು ಆರಿಸಿಕೊಂಡಿತ್ತು. ಮೂಲ ಚಿತ್ರ ಅವಳ ಬಳಿಯೇ ಉಳಿಯುತ್ತದೆ. ಅದರ ಪ್ರತಿಗಳನ್ನು ಅಚ್ಚುಹಾಕಿ ಮಾರಲಷ್ಟೇ ಅವಳು ಪರವಾನಗಿ ಕೊಡುವುದು. ಒಂದೊಂದು ಪ್ರತಿಯ ಕೆಳಗೂ ಅವಳ ಹೆಸರು ಇರುತ್ತದೆ. ಮಾದರಿ ನೋಡಿ, ಸರಿಯಿದೆ ಎಂದು ಹಿಂಬದಿಗೆ ಸಹಿ ಹಾಕಿ ಕಳಿಸಿದರೆ ಯಂತ್ರ ಓಡಲು ಶುರು.

ಈ ಸುದ್ದಿ ಬಂದಾಗಿನಿಂದ ಗಂಡನ ಕಾಲು ನೆಲದ ಮೇಲಿರಲಿಲ್ಲ. ಅಂಗಡಿಯಲ್ಲಿ ಅಕ್ಷರದ ಪಟ್ಟಿಯ ಪಕ್ಕದಲ್ಲೇ ಚಿತ್ರದ ಫೋಟೋ ಅಂಟಿಸಿಕೊಂಡಿದ್ದ. ಕಣ್ಣು ತೋರಿಸಲು ಬಂದವರಿಗೆ, "ಅಕ್ಷರ ಇರಲಿ, ಇದು ಕಾಣುತ್ತಾ ಹೇಳಿ. ನಮ್ಮ ಮನೆಯವಳು ಬರೆದದ್ದು," ಅನ್ನುತ್ತಿದ್ದ. ಕಾಣಲ್ಲ ಎಂದವರಿಗೆ ದಪ್ಪ ಗಾಜು ಖಾತ್ರಿ.

ಮೇಜಿನ ಮೇಲೆ ಪ್ರತಿಯನ್ನು ಬಿಚ್ಚಿ, ಸುರುಳಿ ಸುತ್ತಿಕೊಳ್ಳದಂತೆ ಅಂಚಿಗೆ ಬೆಳ್ಳುಳ್ಳಿಯ ಬಟ್ಟಲು, ಉಪ್ಪಿನ ಡಬ್ಬಿ ಇಟ್ಟರು. ಹಿತ್ತಿಲ ಗೋಡೆ, ಹಗ್ಗದ ಮೇಲೆ ಒಗೆದು ಹಾಕಿದ ಹೊದಿಕೆಗಳು, ಬೋರಲು ಬಿದ್ದ ಬಕೆಟ್ಟು. ಇಸ್ತ್ರಿ ಮೇಜಿನ ಪಕ್ಕದ ಇಕ್ಕಟ್ಟಿನಲ್ಲಿ, ಮೊಣಕೈ ಗೋಡೆಗೆ ತಾಗಿಸಿಕೊಂಡು ಬರೆದದ್ದು ಈಗ ಬಾಗಿಲಿನಷ್ಟು ದೊಡ್ಡದಾಗಿ ಮಲಗಿತ್ತು. ಹೊದಿಕೆಯ ಬಿಳಿಯೊಳಗೆ ಅವಳು ಅಡಗಿಸಿಟ್ಟಿದ್ದ ಹಳದಿ, ನೇರಳೆ ಯಾವುದೂ ಕಳೆದುಹೋಗಿರಲಿಲ್ಲ. ಇಷ್ಟು ದೊಡ್ಡದಾಗಿ ನಿಲ್ಲಬಲ್ಲದ್ದನ್ನು ನಾನು ಬರೆದೆನಲ್ಲ ಎನ್ನಿಸಿ ಬೆನ್ನು ತಾನಾಗಿ ನೆಟ್ಟಗಾಯಿತು.

ಆಮೇಲೆ ಕಣ್ಣು ಬಲಗಡೆಯ ಕೆಳಮೂಲೆಗೆ ಹೋಯಿತು. ಅಲ್ಲಿ ಗೋಡೆಯ ನೆರಳು ನುಣ್ಣಗೆ, ಈಗ ತಾನೇ ಗುಡಿಸಿದಂತೆ ಇತ್ತು.

ಅಷ್ಟರಲ್ಲಿ ಫೋನು ಬಂತು. ಚಿತ್ರ ಆರಿಸಿದ್ದ ಕಂಪನಿಯ ಹುಡುಗಿ. ಗಂಡ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ.

"ಮೇಡಂ, ತಲುಪ್ತಾ? ಹೇಗಿದೆ?"

"ಬಣ್ಣ ಚೆನ್ನಾಗಿ ಬಂದಿದೆ. ಕೆಳಗಿನ ಮೂಲೇಲಿ ಏನಾದ್ರೂ ಮಾಡಿದ್ದೀರಾ?"

"ಕ್ಲೀನ್ ಮಾಡಿದ್ದೀವಿ, ಅಷ್ಟೇ. ಒಂದು ಕೂದಲು, ಸ್ವಲ್ಪ ಧೂಳು. ಆಮೇಲೆ ಯಾರೋ ಹಸಿ ಬಣ್ಣದ ಮೇಲೆ ಹೆಬ್ಬೆರಳು ಒತ್ತಿದ್ದಾರೆ. ನಿಮ್ಮ ಚಿತ್ರದಲ್ಲಿ ಅದು ಕಣ್ಣಿಗೆ ಬೀಳಲ್ಲ. ಇಷ್ಟು ದೊಡ್ಡದು ಮಾಡಿದಾಗ ಬೆರಳಿನ ಗೆರೆ ಗೆರೇನೂ ಕಾಣುತ್ತೆ. ಕೊಂಡವರು ಅಚ್ಚಿನ ದೋಷ ಅಂತ ವಾಪಸ್ ಕಳಿಸ್ತಾರೆ."

"ಅದು ಹಾಗೇ ಇದ್ರೆ ಆಗಲ್ವಾ?"

"ಕಷ್ಟ, ಮೇಡಂ. ಕ್ಯಾಟಲಾಗಿನ ಮೊದಲನೇ ಪುಟ ನಿಮಗೇ ಅಂತ ಇಟ್ಟಿದ್ದೀವಿ. ನಾಳೆಯೊಳಗೆ ನಿಮ್ಮ ಒಪ್ಪಿಗೆ ಬರದಿದ್ರೆ ಆ ಜಾಗಕ್ಕೆ ಬೇರೆ ಚಿತ್ರ ಕಾಯ್ತಾ ಇದೆ."

ಫೋನು ಇಟ್ಟ ಮೇಲೆ ಅತ್ತೆ ಕೇಳಿದರು. "ಬೆರಳು ಯಾರದ್ದಂತೆ?"

"ಇನ್ಯಾರದ್ದಮ್ಮ?" ಗಂಡ ನಕ್ಕ. "ಈ ಮನೇಲಿ ಹಸಿ ಕಂಡಲ್ಲೆಲ್ಲ ಬೆರಳಿಡೋರು ಯಾರು? ಮುಂಬಾಗಿಲಿಗೆ ಬಣ್ಣ ಹೊಡೆಸಿದಾಗ ಅಲ್ಲೂ ನಿನ್ನ ಗುರುತು ಬಿತ್ತು."

"ಬಾಗಿಲು ಯಾರೂ ವಾಪಸ್ ಕಳಿಸ್ಲಿಲ್ಲವಲ್ಲ. ಎಲ್ಲಿ, ಕೊಡು ಈ ಕಡೆ."

ಅವಳು ಪ್ರತಿಯನ್ನು ಅತ್ತೆಯ ಕಡೆ ಸರಿಸಿದಳು. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆರಳು ಚಾಚಿದರು. ಅದು ಎಲ್ಲೂ ತಡಕಾಡದೆ ನೇರ ಬಲಗಡೆಯ ಮೂಲೆಗೇ ಹೋಯಿತು.

"ಇದೇನೇ, ಬೋಳುತಲೆ ಸವರಿದ ಹಾಗಿದೆ."

"ಕಾಗದ ಅತ್ತೆ, ಹಾಗೇ ಇರೋದು." ತಡೆದು ಕೇಳಿದಳು. "ನೀವು ಪ್ರತಿ ಸಲ ಅಲ್ಲೇ ಯಾಕೆ ಮುಟ್ತಿದ್ರಿ? ಒಣಗಿದೆಯಾ ಅಂತಾನಾ? ಎಷ್ಟು ಸಲ ಬೇಡ ಅಂದಿದ್ದೀನಿ."

"ಒಣಗಿದ್ರೆ ನನಗೇನು, ಬಿಟ್ರೆ ನನಗೇನು. ಬರೆದು ಏಳೋವಾಗ ಕುಂಚದಲ್ಲಿ ಉಳಿದದ್ದನ್ನ ನೀನು ಆ ಮೂಲೆಗೇ ಒರೆಸ್ತೀಯ. ಅಲ್ಲಿ ಹಸಿ ಇದ್ರೆ ಇವಳು ಇವತ್ತು ಕೂತಿದ್ದಳು ಅಂತ ಅರ್ಥ. ಬಾಯಿಬಿಟ್ಟು ಕೇಳಿದ್ರೆ ನೀನೆಲ್ಲಿ ಹೇಳ್ತಿದ್ದೆ? ಎಲ್ಲಿ ಪುರುಸೊತ್ತು ಅತ್ತೆ ಅಂತ ಮುಖ ಊದಿಸ್ಕೊಂಡು ಹೋಗ್ತಿದ್ದೆ."

"ಗೊತ್ತಾಗಿ ನೀವೇನು ಮಾಡ್ತಿದ್ರಿ?"

"ಹಸಿ ಇಲ್ಲದ ದಿನ ನೀನು ಮಲಗಿದ ಮೇಲೆ ಪಾತ್ರೆ ತೊಳೆದಿಡ್ತಿದ್ದೆ. ಮಾರನೇ ದಿನವಾದ್ರೂ ಕೂರಲಿ ಅಂತ." ಅವರು ಇನ್ನೊಂದು ಬೆಳ್ಳುಳ್ಳಿ ತೆಗೆದುಕೊಂಡರು. "ಹಸಿ ಇದ್ದ ದಿನ ಪಾತ್ರೆ ಮುಟ್ತಿರಲಿಲ್ಲ. ಅಷ್ಟೊಂದು ಒಳ್ಳೆಯವಳಲ್ಲ ನಾನು."

ಗಂಡ ಹೋ ಎಂದು ನಕ್ಕ. ಅವಳಿಗೆ ನಗಲಾಗಲಿಲ್ಲ. ಬೆಳಿಗ್ಗೆ ಎದ್ದು ಬಂದರೆ ಸಿಂಕು ಬರಿದಾಗಿ, ಪಾತ್ರೆಗಳು ಕವುಚಿಕೊಂಡು ಒಣಗಿರುತ್ತಿದ್ದ ದಿನಗಳು ನೆನಪಾದವು. ನೋಡು, ಸೊಸೆ ಬಿಟ್ಟು ಮಲಗಿದ್ದನ್ನು ನಾನು ಮಾಡಿದೆ ಎಂದು ಕುಟುಕುವುದಕ್ಕೇ ಹೀಗೆ ಮಾಡುತ್ತಾರೆ ಎಂದುಕೊಂಡು, ಆ ಸಿಟ್ಟಿಗೇ ಕೆಲಸ ಬೇಗ ಬೇಗ ಮುಗಿಸಿ ಕುಂಚ ಹಿಡಿದು ಕೂತದ್ದೂ ನೆನಪಾಯಿತು.

"ಸರಿ, ಸಹಿ ಹಾಕು," ಎಂದ ಗಂಡ, ಜೇಬಿನಿಂದ ಪೆನ್ನು ತೆಗೆದು. "ಸಂಜೆ ನಾನೇ ಕೊರಿಯರ್‌ಗೆ ಕೊಟ್ಟು ಬರ್ತೀನಿ. ಮೊದಲನೇ ಪುಟ ಕಣೇ."

"ಹಾಕು ಹಾಕು," ಎಂದರು ಅತ್ತೆ. "ನನ್ನ ಬೆರಳು ಇದ್ರೆಷ್ಟು, ಬಿಟ್ರೆಷ್ಟು. ನಿನ್ನ ಹೆಸರು ಸರಿಯಾಗಿ ಹಾಕಿದ್ದಾರಾ? ದೊಡ್ಡದಾಗಿ ಹಾಕಿದ್ದಾರಾ? ಅದನ್ನ ನೋಡು ಮೊದಲು."

"ಹಾಕಿದ್ದಾರೆ ಅತ್ತೆ."

"ಎಷ್ಟು ದೊಡ್ಡದು?"

"ನಿಮಗೂ ಕಾಣೋವಷ್ಟು."

"ಹಾಗಿದ್ರೆ ಸರಿ," ಎಂದು ಅವರು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಖದಲ್ಲಿ ಹೆಮ್ಮೆ ಅಡಗಿಸಲಾರದ ಒಂದು ನಗೆ ಇತ್ತು.

ಗಂಡ ಅಂಗಡಿಗೆ ಹೋದ ಮೇಲೆ ಅವಳು ಒಳಕೋಣೆಗೆ ಹೋಗಿ ಮೂಲ ಚಿತ್ರದ ಮುಂದೆ ನಿಂತಳು. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಅದನ್ನು ತುಸು ತಿರುಗಿಸಿದಳು. ಮೂಲೆಯಲ್ಲಿ ಬಣ್ಣ ದಪ್ಪಗೆ ಪದರ ಪದರವಾಗಿ ಕೂತಿತ್ತು. ಅವಳು ಬರೆದು ಎದ್ದ ಒಂದೊಂದು ದಿನದ ಕೊನೆ ಅಲ್ಲಿತ್ತು. ಅದರ ಮೇಲೆ ಒಂದಲ್ಲ, ಒಂದರ ಅಂಚಿಗೆ ಇನ್ನೊಂದು ಹತ್ತಿಕೊಂಡ ಹೆಬ್ಬೆರಳ ಗುಳಿಗಳು. ಎಲ್ಲಕ್ಕಿಂತ ಮೇಲಿನದು ಸ್ಪಷ್ಟವಾಗಿತ್ತು, ಗೆರೆಗಳ ಸಮೇತ.

ಯಾರಿಗೂ ಬೇಡದ್ದನ್ನು ಹಟಕ್ಕೆ ಬಿದ್ದು ಬರೆದೆ ಎಂದೇ ಇಷ್ಟು ವರ್ಷ ತನಗೆ ತಾನು ಹೇಳಿಕೊಂಡು ಬಂದಿದ್ದಳು. ಆ ಮಾತಿನಲ್ಲಿ ಅವಳಿಗೊಂದು ಬಿಗುಮಾನವೂ ಇತ್ತು. ಈಗ ಅದು ಸಡಿಲವಾಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ದೊಡ್ಡ ಹೆಮ್ಮೆ. ಈ ಚಿತ್ರಕ್ಕಾಗಿ ಮನೆಯಲ್ಲಿ ಇನ್ನೊಬ್ಬರು ಕಾದಿದ್ದರು, ಕತ್ತಲಲ್ಲಿ ಬಂದು ಮುಟ್ಟಿ ನೋಡಿ ಹೋಗಿದ್ದರು. ಹೊಗಳುವ ಮಾತು ಅವರ ಬಾಯಿಂದ ಬಂದಿರಲಿಲ್ಲ, ಅಷ್ಟೇ.

ಹೋಗುವುದಾದರೆ ಈ ಮೂಲೆಯೊಂದಿಗೇ ಹೋಗಬೇಕು ಇದು. ಮೂಲದಲ್ಲಿ ಇದ್ದಂತೆ ಅಚ್ಚಾಗಲಿ, ಇಲ್ಲವಾದರೆ ಬೇಡ ಎಂದಷ್ಟೇ ನಾಳೆ ಹೇಳುತ್ತಾಳೆ. ಆ ಬೆರಳ ಗುರುತು ತನಗೆ ಯಾಕೆ ಬೇಕು ಎಂಬುದನ್ನು ಕಂಪನಿಗೂ ಹೇಳುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ. ಮೊದಲನೇ ಪುಟ ಕೈತಪ್ಪಿದರೆ ಗಂಡನ ಮುಖ ಹೇಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ತಪ್ಪಲಿ.

ವಾಪಸು ಬಂದು ಪ್ರತಿಯನ್ನು ಸುತ್ತಿ ಕೊಳವೆಗೆ ಸೇರಿಸಿದಳು. ಗಂಡನ ಪೆನ್ನನ್ನು ಕುಂಚಗಳ ಡಬ್ಬಿಯಲ್ಲಿ ನಿಲ್ಲಿಸಿ ನಲ್ಲಿ ತಿರುಗಿಸಿದಳು.

"ಸಹಿ ಹಾಕಿದ್ಯಾ?" ಎಂದರು ಅತ್ತೆ.

"ಕೈ ಒದ್ದೆ ಇದೆ ಅತ್ತೆ," ಎಂದು ಬಾಕಿ ಉಳಿದ ಮೂರು ಕುಂಚಗಳಲ್ಲಿ ಒಂದನ್ನು ಕೈಗೆತ್ತಿಕೊಂಡಳು.