ಐದನೆಯ ಪ್ರಶ್ನೆ

ಗರ್ಭಕೋಶ ತೆಗೆಸಿಕೊಂಡು ಮನೆಗೆ ಹೋದ ಹೆಂಗಸರಿಗೆ ಮೂರನೆಯ ದಿನ ಫೋನು ಮಾಡಿ ವಿಚಾರಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಓಡಾಡಿದ ಮೇಲೆ ಮಂಡಿ ಕೈಕೊಟ್ಟಿತು. ಆಸ್ಪತ್ರೆಯವರು ಒಂದು ಮೇಜು, ಒಂದು ಫೋನು ಕೊಟ್ಟು ಮೂಲೆಗೆ ಕೂರಿಸಿದರು. ಅದಕ್ಕೂ ಏಳು ವರ್ಷವಾಯಿತು.

ರಿಜಿಸ್ಟರಿನಲ್ಲಿ ಅಚ್ಚಾಗಿರುವುದು ನಾಲ್ಕೇ ಪ್ರಶ್ನೆ: ಜ್ವರವಿದೆಯೇ, ರಕ್ತ ಹೋಗುತ್ತಿದೆಯೇ, ಮೂತ್ರ ಸಲೀಸೇ, ಕಾಲು ಊದಿದೆಯೇ. ಐದನೆಯದು ನಾನೇ ಸೇರಿಸಿದ್ದು: "ಒಂದ್ಸಲ ಕೆಮ್ಮಿ, ನೋಡೋಣ." ಇದಕ್ಕೇ ಡಾಕ್ಟರು ನನ್ನನ್ನು ಕೆಮ್ಮಕ್ಕ ಅನ್ನುತ್ತಾರೆ. ಅನ್ನಲಿ. ಹೊಟ್ಟೆಗೆ ಹೊಲಿಗೆ ಬಿದ್ದವಳು ದಿಂಬು ಒತ್ತಿಕೊಂಡು ಕೆಮ್ಮನ್ನು ಅರ್ಧಕ್ಕೇ ನಿಲ್ಲಿಸುತ್ತಾಳೆ. ಕೆಮ್ಮಲು ಆಗದೇ ಇದ್ದರೆ ಒಳಗೆ ಏನೋ ಕೆಟ್ಟಿದೆ. ಗಂಟಲು ಬಿಚ್ಚಿ ಕೆಮ್ಮಿದರೆ ಫೋನು ಹಿಡಿದವರು ಅತ್ತೆ! ಮತ್ತೆ ಆಸ್ಪತ್ರೆಗೆ ಅಲೆಯುವುದು ಯಾರೆಂದು ಸೊಸೆಯ ದನಿಯಲ್ಲಿ "ಎಲ್ಲಾ ಚೆನ್ನಾಗಿದೆ" ಅನ್ನುವ ಎಷ್ಟು ಅತ್ತೆಯರನ್ನು ಹಿಡಿದಿದ್ದೇನೋ.

ಆ ಪ್ರಶ್ನೆ ಸುಮ್ಮನೆ ಹುಟ್ಟಲಿಲ್ಲ. ಆರು ವರ್ಷದ ಹಿಂದೆ ಒಬ್ಬಾಕೆ ಸಣ್ಣ ದನಿಯಲ್ಲಿ ನಾಲ್ಕಕ್ಕೂ ಸರಿಯಾದ ಉತ್ತರವನ್ನೇ ಕೊಟ್ಟಳು. ನಾಲ್ಕು ಟಿಕ್ ಹಾಕಿ ಊಟಕ್ಕೆ ಹೋದೆ. ಎರಡೇ ದಿನಕ್ಕೆ ಆಕೆ ತೀರಿಕೊಂಡಳು. ಅವಳ ಹೆಸರು ನೆನಪಿಟ್ಟುಕೊಳ್ಳುವ ಧೈರ್ಯವೂ ನನಗಿರಲಿಲ್ಲ.

ಮೊನ್ನೆ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ, ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬಾಕೆಗೆ ಫೋನು ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಆ ಕಡೆಯ ದನಿ ಶುರುಮಾಡಿತು.

"ಜ್ವರ ಇಲ್ಲ. ರಕ್ತ ಇಲ್ಲ. ಮೂತ್ರ ಸಲೀಸು. ಕಾಲು ಊದಿಲ್ಲ."

ನನ್ನದೇ ಪ್ರಶ್ನೆಗಳು, ನನ್ನದೇ ಕ್ರಮದಲ್ಲಿ. ಮೈ ಉರಿಯಿತು.

"ಏನಮ್ಮಾ, ಪಾಠ ಒಪ್ಪಿಸ್ತಿದ್ದೀರಾ?"

"ಇನ್ನೊಂದು ಕೇಳಲ್ವಾ?"

"ಕೆಮ್ಮಿ."

ಕೆಮ್ಮಿದಳು. ಉದ್ದಕ್ಕೆ, ನಿರಾಳವಾಗಿ, ಹೊಟ್ಟೆಯೇ ಇಲ್ಲದವಳ ಹಾಗೆ.

"ಯಾರು ನೀವು? ಫೋನು ಅವರಿಗೆ ಕೊಡಿ."

"ನಾನು ಅವಳ ಅಕ್ಕ. ಅವಳಿಗೆ ಫೋನು ಎಟುಕಲ್ಲ, ಅಡುಗೆಮನೇಲಿ ಬಿದ್ದಿದಾಳೆ. ನನ್ನ ಕೈಲಿ ಎತ್ತೋಕಾಗಲ್ಲ. ಈ ಸಲವಾದ್ರೂ ಬೇಗ ಬನ್ನಿ."

ಆಂಬ್ಯುಲೆನ್ಸ್ ಕಳಿಸಿದೆ. ಗಂಡ ಕಾರ್ಖಾನೆಯಲ್ಲಿದ್ದ. ಒಳಗಿನಿಂದ ಚಿಲಕ ಹಾಕಿದ್ದ ಬಾಗಿಲನ್ನು ಒಡೆಯಬೇಕಾಯಿತು. ಅಡುಗೆಮನೆಯ ನೆಲದ ಮೇಲೆ ಆಕೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು, ಮೈ ಕೆಂಡವಾಗಿತ್ತು. ಫೋನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಲಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಬದುಕಿಕೊಂಡಳು. ಗುರುವಾರ ಅವಳ ಮಂಚದ ಬಳಿ ನಿಂತು ಕೇಳಿದೆ, "ನಿಮ್ಮಕ್ಕ ನೋಡೋಕೆ ಬರಲಿಲ್ವಾ?"

"ಅಕ್ಕ ಎಲ್ಲಿದಾಳೆ ಸಿಸ್ಟರ್, ಹೋಗಿ ಆರು ವರ್ಷ ಆಯ್ತು. ಇದೇ ಆಪರೇಶನ್, ಇದೇ ಆಸ್ಪತ್ರೆ. ಮನೆಗೆ ಬಂದ್ಮೇಲೆ ಕೆಮ್ಮೋಕೆ ಹೋದ್ರೆ ಉಸಿರೇ ನಿಂತುಹೋಗ್ತಿತ್ತು ಅವಳಿಗೆ. ಇಲ್ಲಿಂದ ಫೋನು ಬಂದಾಗ ಮಾತ್ರ, ಮತ್ತೆ ಸೇರಿಸ್ಕೊಂಡುಬಿಡ್ತಾರೆ ಅಂತ ಹೆದರಿ, ಜ್ವರ ಇಲ್ಲ, ಏನೂ ಇಲ್ಲ ಅಂದುಬಿಟ್ಲು."

ಆ ಫೋನು ಮಾಡಿದವಳು ನಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

ಅಕ್ಕನ ಹೆಸರು ಕೇಳಿಕೊಂಡು ಹಳೆಯ ರಿಜಿಸ್ಟರು ಹುಡುಕಿದೆ. ಆ ಹೆಸರಿನ ಮುಂದೆ ನನ್ನ ನಾಲ್ಕು ಟಿಕ್ ಹಾಗೇ ಇದ್ದವು. ಪಕ್ಕದಲ್ಲಿ ಗೆರೆ ಎಳೆದು ಐದನೆಯ ಮನೆ ಮಾಡಿದೆ. ಸೋಮವಾರದ ತಾರೀಖು ಹಾಕಿ ಬರೆದೆ: "ಕೆಮ್ಮು ಸಲೀಸು."